ದೇಹವು ಯಾವುದಕ್ಕೆ ಪ್ರಮಾಣ?

ಶಿಕಾರಿಪುರ ತಾಲ್ಲೂಕಿನ ಹಿರೇಜಂಬೂರಿನವಳೆಂದು ಪ್ರಸಿದ್ಧಳಾದ, ಶಿವಭಕ್ತರ ಮನೆಯಂಗಳವನ್ನು ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡಿದ್ದ, ಶಂಭುಜಕ್ಕೇಶ್ವರನ ಅಂಕಿತದಲ್ಲಿ ವಚನಗಳನ್ನು ನುಡಿದ ಸತ್ಯಕ್ಕನೆಂಬ ಶರಣೆ, ಮೈಮೇಲಿನ ಹೊರಗುರುತುಗಳನ್ನಾಗಲಿ ಉಡುಗೆ ಆಯುಧಗಳನ್ನಾಗಲಿ ಹೆಣ್ಣುತನಕ್ಕೂ ಗಂಡುತನಕ್ಕೂ ಪ್ರಮಾಣವಾಗಿ ತಾನು ಸ್ವೀಕರಿಸಲಾರೆನೆಂದೂ, ಹಾಗೆ ಸ್ವೀಕರಿಸುವುದು ಲೋಕದ ರೂಢಿಯೇ ಹೊರತು ಅರಿತವರ ಮಾರ್ಗವಲ್ಲವೆಂದೂ 12ನೆಯ ಶತಮಾನದಲ್ಲಿಯೇ ಸಾರಿದಳು. ಅದಾಗಿ ನೂರು ವರ್ಷಗಳ ಮೇಲೆ, ಹೆಂಗಸರಿಗೆ ಪ್ರವೇಶವೇ ಇಲ್ಲದಿದ್ದ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿದ್ದ ಅಕ್ವಿನಾಸಿನ ಸಂತ ತೋಮಸನು (1225–1274), ಕಥೋಲಿಕ ಧರ್ಮಸಭೆಯ ತತ್ತ್ವಚಿಂತನೆಗೆ ತಳಪಾಯವಾಗಿ ನಿಂತ ತನ್ನ ಗ್ರಂಥಗಳಲ್ಲಿ ಇದೇ ವಿಷಯವನ್ನು ಬೇರೊಂದು ದಿಕ್ಕಿನಿಂದ ವಿಚಾರಮಾಡಿದನು. ಒಬ್ಬರ ಹೆಸರನ್ನು ಮತ್ತೊಬ್ಬರು ಕೇಳಲು ಸಾಧ್ಯವಿರದಿದ್ದ ಈ ಇಬ್ಬರನ್ನು ಎದುರುಬದುರಾಗಿ ಕೂರಿಸಿ ನೋಡಿದರೆ, ಸ್ತ್ರೀಯರ ಸ್ಥಾನವನ್ನು ಕುರಿತ ಇಂದಿನ ವಾಗ್ವಾದದ ಗಂಟು ಎಲ್ಲಿ ಬಿದ್ದಿದೆಯೆಂಬುದು ಸ್ಪಷ್ಟವಾಗುವುದೆಂದು ನಾನು ನಂಬಿದ್ದೇನೆ.

ತೋಮಸನಿಗೆ ಮೊದಲು ನ್ಯಾಯ ಸಲ್ಲಬೇಕು. ಆತನ ಮಹಾಗ್ರಂಥದ ಮೊದಲ ಭಾಗದ 92ನೆಯ ಪ್ರಶ್ನೆಯಲ್ಲಿ, ಅರಿಸ್ಟಾಟಲನ ಜೀವವಿಜ್ಞಾನವನ್ನು ಅನುಸರಿಸಿ, ಬಿಡಿಯಾದ ಒಂದು ಜನನವನ್ನಷ್ಟೇ ನೋಡಿದರೆ ಹೆಣ್ಣು ಒಂದು ನ್ಯೂನತೆಯೆಂದು ಆತನು ಒಪ್ಪಿದ್ದಾನೆಂಬುದು ನಿಜ. ಆತನನ್ನು ನಿಂದಿಸುವವರು ಇಷ್ಟನ್ನೇ ಎತ್ತಿ ತೋರಿಸುವುದೂ ನಿಜ. ಆದರೆ ಅದೇ ಉತ್ತರದ ಉತ್ತರಾರ್ಧದಲ್ಲಿ, ಸಮಗ್ರ ಪ್ರಕೃತಿಯ ದೃಷ್ಟಿಯಿಂದ ಹೆಣ್ಣು ಪ್ರಮಾದವಲ್ಲ, ಆ ಪ್ರಕೃತಿಯ ಕರ್ತೃವಾದ ದೇವರ ಸಂಕಲ್ಪವೇ ಸರಿ ಎಂದು ಆತನು ನಿರ್ಧರಿಸುತ್ತಾನೆ. ಹವ್ವಳು ಆದಾಮನ ತಲೆಯಿಂದ ಹುಟ್ಟದೆ, ಕಾಲಿನಿಂದಲೂ ಹುಟ್ಟದೆ, ಪಕ್ಕೆಲುಬಿನಿಂದ ಹುಟ್ಟಿದ್ದು ಆಳಿಕೆಗೂ ಅಲ್ಲ, ಅವಹೇಳನಕ್ಕೂ ಅಲ್ಲ, ಸಹವಾಸಕ್ಕೆ ಎನ್ನುತ್ತಾನೆ. ಬುದ್ಧಿಸ್ವರೂಪದ ದೇವಪ್ರತಿಬಿಂಬವು ಇಬ್ಬರಲ್ಲಿಯೂ ಇದೆಯೆಂದು ಮುಂದಿನ ಪ್ರಶ್ನೆಯಲ್ಲಿ ಸೇರಿಸುತ್ತಾನೆ. ಪಾದ್ರಿಯಾಗಲು ಬೇಕಾದ ಗುರುದೀಕ್ಷೆಯ ಮಾತು ಬಂದಾಗಲೂ, ಆತ್ಮಕ್ಕೆ ಸಂಬಂಧಪಟ್ಟ ವಿಷಯಗಳಲ್ಲಿ ಸ್ತ್ರೀಯು ಪುರುಷನಿಗಿಂತ ಭಿನ್ನಳಲ್ಲವೆಂದೂ, ಆದುದರಿಂದ ಪ್ರವಾದನೆಯ ವರವು ಅವಳಿಗೂ ಒದಗಬಲ್ಲುದೆಂದೂ ಆತನು ಹಿಂದೆಗೆಯದೆ ಹೇಳಿದ್ದಾನೆ. ಆದರೂ ಆ ದೀಕ್ಷೆ ಮಾತ್ರ ಅವಳಿಗೆ ಸಲ್ಲದೆನ್ನುತ್ತಾನೆ. ಹಾಗಾದರೆ ಅಡ್ಡಿ ಯಾವುದು? ದೀಕ್ಷೆಯೆಂಬುದು ಸಂಸ್ಕಾರ, ಸಂಸ್ಕಾರವೆಂಬುದು ಸಂಕೇತ. ಸಂಕೇತವು ತಾನು ಸೂಚಿಸುವ ವಸ್ತುವನ್ನು ಹೋಲಬೇಕು. ಅಧೀನಸ್ಥಿತಿಯಲ್ಲಿರುವ ಸ್ತ್ರೀಯ ದೇಹವು ಶ್ರೇಷ್ಠತೆಯನ್ನು ಸೂಚಿಸಲಾರದು. ಆತನ ನಿಷೇಧದ ಸಮಸ್ತ ಭಾರವೂ ಈ ಒಂದು ಕಂಬದ ಮೇಲೆ ನಿಂತಿದೆ.

ಇದು ಪರದೇಶದ, ಪರಮತದ ಕತೆಯೆಂದು ನಾವು ನಿಶ್ಚಿಂತರಾಗುವಂತಿಲ್ಲ. ಬನವಾಸಿ ಪನ್ನಿರ್ಛಾಸಿರಕ್ಕೆ ಸೇರಿ, ಇಂದಿನ ಶಿಕಾರಿಪುರ ಸೊರಬಗಳ ನೆಲದಲ್ಲಿ ಹರಡಿದ್ದ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾದ ನಾಗಾರ್ಜುನನು ತೀರಿಕೊಂಡಾಗ, ಕ್ರಿ.ಶ. 911ರ ಸುಮಾರಿಗೆ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, ಆ ಪದವಿಯು ಆತನ ಹೆಂಡತಿ ಜಕ್ಕಿಯಬ್ಬೆಗೆ ದೊರೆಯಿತೆಂದೂ, ಆಕೆ ನಾಡನ್ನು ಸಮರ್ಥವಾಗಿ ಆಳಿ, ರೋಗ ಬಂದಾಗ ಭೋಗವನ್ನು ನಿಸ್ಸಾರವೆಂದು ಬಗೆದು, ಮಗಳನ್ನು ಕರೆಸಿ ಎಲ್ಲವನ್ನೂ ಒಪ್ಪಿಸಿ, ಬಂದಳಿಕೆಯ ತೀರ್ಥದಲ್ಲಿ ವ್ರತಧಾರಿಣಿಯಾಗಿ ದೇಹವನ್ನು ಬಿಟ್ಟಳೆಂದೂ ಅಲ್ಲಿಯ ಶಾಸನವು ತಿಳಿಸುತ್ತದೆ. ಹಾಳುಬಿದ್ದ ಆ ಊರಿನಲ್ಲಿ ಶಾಂತಿನಾಥ ಬಸದಿಯ ಬಳಿ ನಿಲ್ಲುವವರಿಗೆ, ಯೂರೋಪಿನ ಪಂಡಿತರು ಸ್ತ್ರೀಯ ಆಳ್ವಿಕೆಯನ್ನು ಕುರಿತು ತರ್ಕಿಸುವುದಕ್ಕೆ ಎಷ್ಟೋ ಮುಂಚೆ ಈ ನಾಡು ಅದನ್ನು ಕಣ್ಣಾರೆ ಕಂಡಿತ್ತೆಂಬ ಹೆಮ್ಮೆ ಉಂಟಾಗುವುದು ಸಹಜ. ಆದರೂ ಶಾಸನಕವಿ ಆಕೆಯನ್ನು ಹೊಗಳುವಾಗ ಹೆಣ್ಣಾಗಿದ್ದೂ ಪರಾಕ್ರಮಿಯೆಂಬ ಭಾವವನ್ನು ಬಿಡಲಾರನು. ನಾಡನ್ನಾಳಿದ ಆ ಜೈನಮಹಿಳೆ ಮೋಕ್ಷಕ್ಕೆ ಅರ್ಹಳೇ ಎಂದು ಕೇಳಿದ್ದರೆ ದಿಗಂಬರ ಆಚಾರ್ಯರು ಆ ದೇಹದಲ್ಲಿ ಇಲ್ಲವೆಂದೇ ಹೇಳುತ್ತಿದ್ದರು. ಪೂರ್ಣ ಅಪರಿಗ್ರಹಕ್ಕೆ ದಿಗಂಬರತ್ವ ಬೇಕು, ಸ್ತ್ರೀಯು ವಸ್ತ್ರವನ್ನು ಬಿಡಲಾರಳು, ಆದುದರಿಂದ ಸ್ತ್ರೀಜನ್ಮದಲ್ಲಿ ಮುಕ್ತಿಯಿಲ್ಲ ಎಂಬುದು ಅವರ ವಾದ. ಇದನ್ನು ಎದುರಿಸಿ, ರತ್ನತ್ರಯವು ಸ್ತ್ರೀಯಲ್ಲಿಯೂ ಪೂರ್ಣವಾಗಿ ಸಂಭವಿಸಬಲ್ಲುದಾದ್ದರಿಂದ ಮೋಕ್ಷವನ್ನು ತಡೆಯುವ ಕಾರಣವೇ ಇಲ್ಲವೆಂದು ಒಂದು ಪ್ರಕರಣಗ್ರಂಥವನ್ನೇ ಬರೆದವನು, ಅಮೋಘವರ್ಷನ ಕಾಲದ ವೈಯಾಕರಣನೂ ಯಾಪನೀಯ ಸಂಘದವನೂ ಆದ ಶಾಕಟಾಯನ. ಬನವಾಸಿಯ ಕದಂಬ ಮೃಗೇಶವರ್ಮನಿಂದಲೇ ದಾನ ಪಡೆದಿದ್ದ ಆ ಸಂಘವು ಕಾಲಾಂತರದಲ್ಲಿ ನಮ್ಮ ನಾಡಿನಿಂದ ಕಣ್ಮರೆಯಾದುದು, ಕನ್ನಡ ನೆಲದ ತತ್ತ್ವವಿಚಾರಕ್ಕೆ ಆದ ದೊಡ್ಡ ನಷ್ಟವೆಂದು ನನಗೆ ಅನ್ನಿಸುತ್ತದೆ.

ಅದೇ ಸೀಮೆಯ ಉಡುತಡಿಯಿಂದ, ಇಂದು ಉಡುಗಣಿಯೆಂದು ಗುರುತಿಸುವ ಊರಿನಿಂದ, ಕೌಶಿಕನ ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ಹಿಂದಿಕ್ಕಿ, ಕೂದಲನ್ನೇ ಹೊದಿಕೆಯಾಗಿಸಿಕೊಂಡು ಹೊರಟ ಅಕ್ಕಮಹಾದೇವಿಯು ಈ ವಾದಗಳನ್ನೆಲ್ಲ ಓದಿದ್ದಳೆಂದು ಹೇಳುವುದಕ್ಕೆ ಆಧಾರವಿಲ್ಲ. ಆದರೆ ಸ್ತ್ರೀಯು ವಸ್ತ್ರವನ್ನು ಬಿಡಲಾರಳೆಂಬ ವಾಕ್ಯದ ಮೇಲೆ ಕಟ್ಟಿದ ಸಿದ್ಧಾಂತಕ್ಕೆ ಅವಳ ನಡೆಯೇ ಉತ್ತರವಾಯಿತೆಂಬುದನ್ನು ಅಲ್ಲಗಳೆಯಲಾಗದು. 15ನೆಯ ಶತಮಾನದಿಂದೀಚೆಗೆ ಸಂಕಲಿತವಾದ ಶೂನ್ಯಸಂಪಾದನೆಗಳು ಚಿತ್ರಿಸುವಂತೆ, ಬಳ್ಳಿಗಾವೆಯ ಅಲ್ಲಮಪ್ರಭುವು ಕಲ್ಯಾಣದ ಅನುಭವಮಂಟಪದಲ್ಲಿ ಆಕೆಯನ್ನು ತಡೆದು, ಪತಿಯಾರೆಂದು ಕೇಳುತ್ತಾನೆ. ಸೀರೆಯನ್ನು ಬಿಟ್ಟವಳು ಕೂದಲಿನಿಂದ ಮೈಯನ್ನೇಕೆ ಮರೆಮಾಡಿದೆಯೆಂದು ಕೆಣಕುತ್ತಾನೆ. ಆಕೆಯಾದರೋ ಚೆನ್ನಮಲ್ಲಿಕಾರ್ಜುನನೇ ಪತಿಯೆಂದೂ, ಮರೆಮಾಡಿದ್ದು ತನ್ನ ಲಜ್ಜೆಗಲ್ಲ, ನೋಡುವವರಿಗೆ ನೋವಾಗದಿರಲೆಂದೂ ಹೇಳಿ, ಪರೀಕ್ಷಕನನ್ನೇ ಪರೀಕ್ಷೆಗೆ ಒಳಪಡಿಸುತ್ತಾಳೆ. ಪ್ರಭುವು ಸೊನ್ನಲಿಗೆಯ ಸಿದ್ಧರಾಮನನ್ನೂ ಕಠಿನವಾಗಿ ಪರೀಕ್ಷಿಸಿದನಲ್ಲವೇ ಎನ್ನಬಹುದು. ಪರೀಕ್ಷಿಸಿದನು, ಆದರೆ ಅಲ್ಲಿ ಪರೀಕ್ಷೆಗೆ ಬಂದುದು ಸಿದ್ಧರಾಮನು ಕಟ್ಟಿಸಿದ ಕೆರೆ ಗುಡಿಗಳೇ ಹೊರತು ಅವನ ಮೈಯಲ್ಲ. ಶರಣರ ಸಭೆಯಷ್ಟು ಉದಾರವಾದ ಸಭೆಯಲ್ಲಿಯೂ ಹೆಣ್ಣಿನ ಜ್ಞಾನವನ್ನು ಒಪ್ಪುವ ಮುನ್ನ ಹೆಣ್ಣಿನ ದೇಹವು ಸಾಕ್ಷಿ ಹೇಳಬೇಕಾಯಿತೆಂಬುದನ್ನು, ಅಕ್ಕನ ಗೆಲವನ್ನು ಕೊಂಡಾಡುವ ಭರದಲ್ಲಿ ನಾವು ಮರೆಯುತ್ತೇವೆ.

ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಗುಹೆಯೊಳಗೆ ನೆಲಸಿದ ರೇಣುಕಾಂಬೆಯ ಕತೆಯೂ ಇದೇ ಜಾಡಿನದು: ಕ್ಷಣಕಾಲ ಮನಸ್ಸು ಜಾರಿದುದಕ್ಕೆ ಶಿಕ್ಷೆಯಾದುದು ಕೊರಳಿಗೆ, ಕೊಡಲಿ ಎತ್ತಿದುದು ಮಗನ ಕೈ. ಆ ದೇವಿಗೆ ಹರಕೆ ಹೊತ್ತು ಬಡವರೂ ದಲಿತರೂ ಸಲ್ಲಿಸುತ್ತಿದ್ದ ಬೆತ್ತಲೆಸೇವೆಯನ್ನು, 1986ರ ಘರ್ಷಣೆಯ ತರುವಾಯ ಸರ್ಕಾರವು ನಿಷೇಧಿಸಿತು. ಅಕ್ಕನ ನಗ್ನತೆಯನ್ನು ಪೂಜಿಸುವವರು ಇದನ್ನೇಕೆ ತಡೆದರೆಂದು ಕೇಳುವವರಿದ್ದಾರೆ. ತಾನೇ ಆರಿಸಿಕೊಂಡು, ಕೇಳಿದವರಿಗೆ ಕಾರಣವನ್ನು ಹೇಳಬಲ್ಲವಳ ದಿಗಂಬರತ್ವವೂ, ಭಯ ಬಡತನ ಜಾತಿಗಳು ಒತ್ತಿ ಹೊರಡಿಸಿದ ಹರಕೆಯೂ ಒಂದೇ ಎಂದು ನಾನು ಎಂದಿಗೂ ಒಪ್ಪಲಾರೆ.

ಇನ್ನು ಇಂದಿನ ಧರ್ಮಸಭೆಯ ಮಾತು. ಈ ಎರಡು ತಾಲ್ಲೂಕುಗಳ ಕಥೋಲಿಕರು ಸೇರುವ ಶಿವಮೊಗ್ಗ ಧರ್ಮಕ್ಷೇತ್ರವು ಸ್ಥಾಪಿತವಾದುದು 1988ರಲ್ಲಿ. ಅದೇ ವರ್ಷ ಎರಡನೆಯ ಜಾನ್ ಪೌಲ್ ಪೋಪರು ಸ್ತ್ರೀಯರ ಗೌರವವನ್ನು ಕುರಿತು ಹೊರಡಿಸಿದ ಪತ್ರದಲ್ಲಿ, ಹೆಂಡತಿಯು ಗಂಡನಿಗೆ ಅಧೀನಳೆಂಬ ಸಂತ ಪೌಲನ ಮಾತನ್ನು ಪರಸ್ಪರ ಅಧೀನತೆಯೆಂದು ವ್ಯಾಖ್ಯಾನಿಸಿದರು. ತೋಮಸನ ಕಂಬವು ಅಲ್ಲಿಗೆ ಉರುಳಿತು. ಆದರೆ 1976ರ ರೋಮಿನ ಪ್ರಕಟಣೆಯು ಆ ನಿಷೇಧಕ್ಕೆ ಆಗಲೇ ಬೇರೆ ಆಸರೆಗಳನ್ನು ಕೊಟ್ಟಿತ್ತು: ಕ್ರಿಸ್ತನು ಹನ್ನೆರಡು ಮಂದಿ ಪುರುಷರನ್ನೇ ಆರಿಸಿದನು, ಸಭೆಯು ಆ ಸಂಪ್ರದಾಯಕ್ಕೆ ಬದ್ಧವಾಗಿದೆ, ಕ್ರಿಸ್ತನು ಪುರುಷನಾದುದರಿಂದ ಆತನ ಸ್ಥಾನದಲ್ಲಿ ನಿಲ್ಲುವ ಗುರುವಿನಲ್ಲಿ ಸಹಜಸಾದೃಶ್ಯವಿರಬೇಕು. ಸ್ತ್ರೀಯರಿಗೆ ಗುರುದೀಕ್ಷೆ ಕೊಡುವ ಅಧಿಕಾರವೇ ಸಭೆಗಿಲ್ಲವೆಂದು 1994ರಲ್ಲಿ ಅದೇ ಪೋಪರು ಸಾರಿದರು. ಇತ್ತ 1970ರಲ್ಲಿ ಆವಿಲದ ತೆರೇಸಳನ್ನೂ ಸಿಯೆನದ ಕ್ಯಾಥರೀನಳನ್ನೂ, 2012ರಲ್ಲಿ ಅಕ್ಕನ ಸಮಕಾಲೀನಳಾದ ಬಿಂಗೆನ್ನಿನ ಹಿಲ್ಡೆಗಾರ್ಡಳನ್ನೂ ಅದೇ ಸಭೆಯು ತನ್ನ ಆಚಾರ್ಯರ ಸಾಲಿಗೆ ಸೇರಿಸಿತು. ನಮ್ಮಲ್ಲಿ ಲಿಂಗಾಯತ ಸಂನ್ಯಾಸಿನಿ ಮಾತೆ ಮಹಾದೇವಿಯವರು ಜಗದ್ಗುರು ಪೀಠವನ್ನೇರಿದುದೂ 1970ರಲ್ಲಿಯೇ. ಅಕ್ಕನ ನಾಡಿನಲ್ಲಿ ಒಬ್ಬ ಮಹಿಳೆ ಆ ಪೀಠವನ್ನು ಕಾಣಲು ಎಂಟು ಶತಮಾನಗಳು ಹಿಡಿದವೆಂಬುದನ್ನು ನೆನೆದರೆ, ರೋಮಿನತ್ತ ಬೆರಳು ತೋರುವ ಕೈ ತಾನಾಗಿ ಇಳಿಯಬೇಕು.

ರೋಮಿನ ಪ್ರಕಟಣೆ ಕೊಟ್ಟ ಸಂಪ್ರದಾಯನಿಷ್ಠೆಯೆಂಬ ಮೊದಲನೆಯ ಆಸರೆಯನ್ನು ನಾನು ಗೌರವಿಸುತ್ತೇನೆ. ಅದನ್ನು ಆ ಮತದವರೇ ಒಳಗಿನಿಂದ ಚರ್ಚಿಸತಕ್ಕದ್ದು. ಎರಡನೆಯದಾದ ಸಾದೃಶ್ಯದ ವಾದವಾದರೋ ಸಾಮಾನ್ಯ ತರ್ಕಕ್ಕೆ ಸೇರಿದುದರಿಂದ ಎಲ್ಲರೂ ಅದನ್ನು ವಿಚಾರಿಸಬಹುದು. ಬುದ್ಧಿಯಲ್ಲಿ, ಆತ್ಮದಲ್ಲಿ, ಪ್ರವಾದನೆಯಲ್ಲಿ ಭೇದವಿಲ್ಲವೆಂದು ತೋಮಸನೇ ಒಪ್ಪಿದ ಮೇಲೆ, ಒಬ್ಬ ಮನುಷ್ಯನು ಕ್ರಿಸ್ತನನ್ನು ಹೋಲುವುದು ಯಾವುದರಲ್ಲಿ? ಕರುಣೆಯಲ್ಲಿಯೋ, ತ್ಯಾಗದಲ್ಲಿಯೋ, ಮೈಯ ಆಕಾರದಲ್ಲಿಯೋ? ಆಕಾರದಲ್ಲಿ ಎನ್ನುವುದಾದರೆ, ಆ ಆಕಾರವು ಯಾವುದಕ್ಕೆ ಪ್ರಮಾಣ, ಹೇಗೆ ಪ್ರಮಾಣ ಎಂಬುದನ್ನು ಸತ್ಯಕ್ಕನು ಒಪ್ಪುವಂತೆ ಸಾಧಿಸಿ ತೋರಿಸುವ ಹೊಣೆ ಆ ವಾದವನ್ನು ಮಂಡಿಸುವವರದು.