ಶವಪೆಟ್ಟಿಗೆ ಕೊಂಡಿಟ್ಟು ಬರೆದ ಪತ್ರ

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನಮ್ಮ ಹಿರಿಯರು ಈ ಗಾದೆಯನ್ನು ಸುಮ್ಮನೆ ಕಟ್ಟಲಿಲ್ಲ. ಸತ್ಯವನ್ನೇ ನುಡಿಯಬೇಕೆಂದು ನಾವೆಲ್ಲ ಮಕ್ಕಳಿಗೆ ಕಲಿಸುತ್ತೇವೆ. ಅದೇ ಮಗು ಬೆಳೆದು ಒಂದು ದಿನ ನಮ್ಮೆದುರು ನಿಂತು, "ಅಪ್ಪಾ, ನೀವು ಮಾಡುತ್ತಿರುವುದು ಸರಿಯಲ್ಲ" ಎಂದರೆ ನಮ್ಮ ಮುಖ ಹೇಗಾಗುತ್ತದೆ? ಕಚೇರಿಯಲ್ಲಿ ಗುಮಾಸ್ತನೊಬ್ಬ ಮೇಲಧಿಕಾರಿಗೆ ಹಾಗೆ ಹೇಳಿದರೆ ಅವನ ಗತಿ ಏನಾಗುತ್ತದೆ?

ನಮಗಿಂತ ಮೇಲಿನವರಿಗೆ, ನಮಗೆ ಅನ್ನ ಕೊಡುವವರಿಗೆ, ತಪ್ಪನ್ನು ತಪ್ಪೆಂದು ಹೇಳುವುದು ನಿಷ್ಠೆಯೋ ದ್ರೋಹವೋ? ಹೇಳಲೇಬೇಕಾದರೆ ಯಾವ ಮನಸ್ಸಿನಿಂದ ಹೇಳಬೇಕು? ಈ ಪ್ರಶ್ನೆಯನ್ನು ಬರೀ ತರ್ಕದಿಂದ ಬಿಡಿಸುವುದು ಕಷ್ಟ. ಅದನ್ನು ಬದುಕಿ ತೋರಿಸಿದ ಒಬ್ಬ ಮನುಷ್ಯನ ಕಥೆಯನ್ನು ನೋಡೋಣ. ಆತ ಚೀನಾ ದೇಶದ ಮಿಂಗ್ ಸಾಮ್ರಾಜ್ಯದ ಸರ್ಕಾರಿ ಅಧಿಕಾರಿ, ಹೆಸರು ಹೈ ರುಯಿ. ನಮಗೆ ಪರಿಚಿತರಾದ ಯೇಸುಸಭೆಯ ಮತ್ತೆಯೊ ರಿಚ್ಚಿಯವರು 1583ರಲ್ಲಿ ಚೀನಾದ ಒಳನಾಡಿನಲ್ಲಿ ನೆಲೆನಿಂತಾಗ ಈತ ಇನ್ನೂ ಬದುಕಿದ್ದ.

ಹೈ ರುಯಿ ಹುಟ್ಟಿದ್ದು 1514ರಲ್ಲಿ, ಚೀನಾದ ದಕ್ಷಿಣ ತುದಿಯ ಹೈನಾನ್ ದ್ವೀಪದಲ್ಲಿ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ. ಬಡತನದಲ್ಲಿ ಅವನನ್ನು ಸಾಕಿ, ಪುಸ್ತಕ ಹಿಡಿಸಿದವಳು ತಾಯಿ. ಆ ಕಾಲದ ಚೀನಾದಲ್ಲಿ ಸರ್ಕಾರಿ ಹುದ್ದೆಗೆ ಹೋಗಬೇಕಾದರೆ ಹಂತಹಂತವಾದ ಪರೀಕ್ಷೆಗಳನ್ನು ದಾಟಬೇಕಿತ್ತು. ಹೈ ರುಯಿ 1549ರಲ್ಲಿ ಪ್ರಾಂತ ಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾದ. ರಾಜಧಾನಿಯ ಅತ್ಯುನ್ನತ ಪರೀಕ್ಷೆ ಮಾತ್ರ ಅವನ ಕೈಗೆ ಹತ್ತಲಿಲ್ಲ. ಹಾಗಾಗಿ ಮೊದಲು ಸಿಕ್ಕಿದ್ದು ಜಿಲ್ಲಾ ಶಾಲೆಯೊಂದರ ಉಪಾಧ್ಯಾಯನ ಕೆಲಸ.

ಒಮ್ಮೆ ತಪಾಸಣೆಗೆಂದು ಮೇಲಧಿಕಾರಿ ಶಾಲೆಗೆ ಬಂದ. ಇಬ್ಬರು ಸಹೋದ್ಯೋಗಿಗಳು ನೆಲಕ್ಕೆ ಮೊಣಕಾಲೂರಿದರು. ನಡುವೆ ಇದ್ದ ಹೈ ರುಯಿ ಕೈಮುಗಿದು ನಿಂತೇ ಇದ್ದ. ಕಚೇರಿಗೆ ಬಂದಾಗ ಅಧೀನನಂತೆ ನಮಸ್ಕರಿಸುತ್ತೇನೆ, ಆದರೆ ಇದು ಗುರು ಶಿಷ್ಯರಿಗೆ ಪಾಠ ಹೇಳುವ ಸ್ಥಳ, ಇಲ್ಲಿ ಬಾಗಲಾರೆ ಎಂಬುದು ಅವನ ಸಮಜಾಯಿಷಿ. ಎರಡೂ ಕಡೆ ತಗ್ಗು, ನಡುವೆ ಎತ್ತರ. ನೋಡಿದವರಿಗೆ ಬರೆಯುವ ಕುಂಚಗಳನ್ನು ಒರಗಿಸಿಡುವ ಪುಟ್ಟ ಪೀಠದ ನೆನಪಾಯಿತು. ಅಂದಿನಿಂದ ಅವನಿಗೆ 'ಕುಂಚಪೀಠದ ಮೇಷ್ಟ್ರು' ಎಂಬ ಅಡ್ಡಹೆಸರು ಬಿತ್ತು.

1558ರಲ್ಲಿ ಝೆಜಿಯಾಂಗ್ ಪ್ರಾಂತದ ಚುನ್‌ಆನ್ ಎಂಬ ಬಡ ತಾಲ್ಲೂಕಿಗೆ ಆಡಳಿತಾಧಿಕಾರಿಯಾಗಿ ಹೋದ. ಮಿಂಗ್ ಕಾಲದಲ್ಲಿ ಅಧಿಕಾರಿಗಳ ಸಂಬಳ ಬಹಳ ಕಡಿಮೆ. ಹಾಗಾಗಿ ಪ್ರತಿಯೊಂದು ಕಾಗದಕ್ಕೂ ಇಷ್ಟಿಷ್ಟು ಎಂದು 'ಮಾಮೂಲು' ಪಡೆಯುವುದು ಎಲ್ಲರೂ ಒಪ್ಪಿಕೊಂಡಿದ್ದ ಪದ್ಧತಿಯಾಗಿತ್ತು. ಹೈ ರುಯಿ ಅದನ್ನು ನಿಲ್ಲಿಸಿದ. ಒರಟು ಬಟ್ಟೆ, ಮೋಟಾ ಅಕ್ಕಿ, ಮನೆಯ ಹಿತ್ತಲಲ್ಲಿ ಹಳೆಯ ಆಳು ಬೆಳೆದ ತರಕಾರಿ, ಇಷ್ಟೇ ಅವನ ಸಂಸಾರ. ತಾಯಿಯ ಹುಟ್ಟುಹಬ್ಬಕ್ಕೆ ಒಂದು ಸಲ ಸುಮಾರು ಒಂದು ಕಿಲೊ ಮಾಂಸ ಕೊಂಡ. ಆ ಸುದ್ದಿ ಪ್ರಾಂತದ ಮಹಾಧಿಕಾರಿ ಹು ಜೋಂಗ್‌ಶಿಯನ್‌ನ ಕಿವಿಗೂ ಬಿದ್ದು, ಆತ ಅದನ್ನು ಇತರರಿಗೆ ವಿಶೇಷ ವಾರ್ತೆಯೆಂಬಂತೆ ಹೇಳಿದನಂತೆ.

ಅದೇ ಮಹಾಧಿಕಾರಿಯ ಮಗ ಚುನ್‌ಆನ್ ಮಾರ್ಗವಾಗಿ ಹೋಗುತ್ತಿದ್ದಾಗ ಸತ್ಕಾರ ಸಾಲದೆಂದು ಸಿಟ್ಟಾಗಿ, ಅಂಚೆ ತಂಗುದಾಣದ ನೌಕರನನ್ನು ತಲೆಕೆಳಗಾಗಿ ನೇತುಹಾಕಿಸಿದ. ಹೈ ರುಯಿ ಅವನ ಗಂಟು ಬಿಚ್ಚಿಸಿ, ಅದರಲ್ಲಿದ್ದ ಸಾವಿರಾರು ಬೆಳ್ಳಿ ನಾಣ್ಯವನ್ನು ಖಜಾನೆಗೆ ಸೇರಿಸಿದ. ನಂತರ ತಂದೆಗೆ ವರದಿ ಕಳುಹಿಸಿದ. ಪ್ರವಾಸದಲ್ಲಿ ಆಡಂಬರ ಬೇಡವೆಂದು ತಾವೇ ಆಜ್ಞೆ ಮಾಡಿದ್ದೀರಿ, ಇವನ ಸಾಮಾನು ನೋಡಿದರೆ ತಮ್ಮ ಮಗನಾಗಿರಲು ಸಾಧ್ಯವೇ ಇಲ್ಲ, ಯಾರೋ ವಂಚಕ ಎಂಬುದು ಅದರ ತಾತ್ಪರ್ಯ. ಮಹಾಧಿಕಾರಿಗೆ ಶಿಕ್ಷಿಸಲು ದಾರಿಯೇ ಉಳಿಯಲಿಲ್ಲ. ಧೈರ್ಯದ ಜೊತೆ ಜಾಣ್ಮೆಯೂ ಇದ್ದ ಮನುಷ್ಯ!

ಅವನ ಹೆಸರು ಇತಿಹಾಸದಲ್ಲಿ ಉಳಿದಿರುವುದು 1566ರ ಒಂದು ಪತ್ರದಿಂದ. ಆಗ ಆತ ಬೀಜಿಂಗ್‌ನಲ್ಲಿ ಕಂದಾಯ ಇಲಾಖೆಯ ಕೆಳದರ್ಜೆಯ ಅಧಿಕಾರಿ. ಸಿಂಹಾಸನದ ಮೇಲಿದ್ದವನು ಜಿಯಾಜಿಂಗ್ ಚಕ್ರವರ್ತಿ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಆತ ದರ್ಬಾರಿಗೆ ಬಂದಿರಲಿಲ್ಲ. ಅರಮನೆಯ ಪಶ್ಚಿಮದ ಉದ್ಯಾನದಲ್ಲಿ ಕುಳಿತು, ಸಾವಿಲ್ಲದ ಬದುಕಿಗಾಗಿ ಪೂಜೆ ಮಾಡಿಸುತ್ತಾ, ಮದ್ದು ಅರೆಸುತ್ತಾ ಇದ್ದ. ತಪ್ಪು ತೋರಿಸಿದ ಹಿಂದಿನ ಅಧಿಕಾರಿಗಳು ಏಟು ತಿಂದು ಸತ್ತಿದ್ದರು ಅಥವಾ ಸೆರೆಯಲ್ಲಿ ಕೊಳೆತಿದ್ದರು. ಉಳಿದವರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಹೈ ರುಯಿ ಬರೆದದ್ದನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗಿದೆ. ತಾವು ತಮ್ಮ ಮಕ್ಕಳ ಮುಖ ನೋಡುವುದಿಲ್ಲ, ತಂದೆಯ ಪ್ರೀತಿ ಬತ್ತಿತೆಂದು ಜನ ಹೇಳುತ್ತಾರೆ. ಅಂತಃಪುರಕ್ಕೆ ಹಿಂದಿರುಗುವುದಿಲ್ಲ, ಗಂಡ ಹೆಂಡಿರ ಬಾಂಧವ್ಯ ಒಣಗಿತೆನ್ನುತ್ತಾರೆ. ಅನುಮಾನದಿಂದ ಸೇವಕರನ್ನು ಕೊಲ್ಲಿಸುತ್ತೀರಿ, ದೊರೆಗೂ ಸೇವಕರಿಗೂ ಇರಬೇಕಾದ ವಿಶ್ವಾಸ ಹೋಯಿತೆನ್ನುತ್ತಾರೆ. ತಮ್ಮ ಆಳ್ವಿಕೆಯ ಹೆಸರಿನ ಉಚ್ಚಾರಣೆಯನ್ನೇ ತಿರುಚಿ, ಮನೆಮನೆಯೂ ಬರಿದಾಯಿತು ಎಂದು ಬಡವರು ಆಡಿಕೊಳ್ಳುತ್ತಾರೆ. ಅಮರತ್ವದ ವಿದ್ಯೆ ಕಲಿಸಿದ ತಮ್ಮ ಗುರುವೇ ಸತ್ತುಹೋದನಲ್ಲ, ಅವನಿಗೆ ದಕ್ಕದ್ದು ತಮಗೆ ಹೇಗೆ ದಕ್ಕೀತು? ಇಷ್ಟನ್ನು ಬರೆದ ಮೇಲೂ, ತಾವು ಒಮ್ಮೆ ಮೈಕೊಡವಿ ಎದ್ದರೆ ಸಾಕು, ಎಲ್ಲವೂ ಸರಿಹೋಗುತ್ತದೆ ಎಂಬ ಭರವಸೆಯ ಮಾತನ್ನೂ ಆತ ಸೇರಿಸಿದ್ದ.

ಚಕ್ರವರ್ತಿ ಪತ್ರವನ್ನು ನೆಲಕ್ಕೆಸೆದು, ಅವನು ಓಡಿಹೋಗದಂತೆ ಕೂಡಲೇ ಹಿಡಿಯಿರಿ ಎಂದು ಕೂಗಿದ. ಪಕ್ಕದಲ್ಲಿದ್ದ ಹುವಾಂಗ್ ಜಿನ್ ಎಂಬ ಅರಮನೆಯ ಸೇವಕ ನಿಧಾನವಾಗಿ ವಿಷಯ ತಿಳಿಸಿದ. ಈ ಮನುಷ್ಯ ಓಡಿಹೋಗುವವನಲ್ಲ, ಪತ್ರ ಕೊಡುವ ಮೊದಲೇ ಶವಪೆಟ್ಟಿಗೆ ಕೊಂಡಿಟ್ಟು, ಹೆಂಡತಿ ಮಕ್ಕಳಿಗೆ ವಿದಾಯ ಹೇಳಿ, ಶಿಕ್ಷೆಗಾಗಿ ಕಾಯುತ್ತಿದ್ದಾನೆ, ಅವನ ಆಳುಗಳೇ ಹೆದರಿ ಓಡಿಹೋಗಿದ್ದಾರೆ ಎಂದ. ಚಕ್ರವರ್ತಿ ಮೌನವಾದ. ಪತ್ರವನ್ನು ಎತ್ತಿಕೊಂಡು ಮತ್ತೆ ಓದಿದ. ಆ ದಿನ ಹಲವು ಬಾರಿ ಓದಿ ನಿಟ್ಟುಸಿರಿಟ್ಟನಂತೆ. ಆದರೂ ಅಹಂಕಾರ ಗೆದ್ದಿತು. ಹೈ ರುಯಿ ಸೆರೆಮನೆ ಸೇರಿದ. ಮರಣದಂಡನೆಯ ಶಿಫಾರಸೂ ಬಂತು, ಚಕ್ರವರ್ತಿ ಮಾತ್ರ ಅದಕ್ಕೆ ಮುದ್ರೆ ಒತ್ತಲಿಲ್ಲ.

1567ರ ಜನವರಿಯಲ್ಲಿ ಚಕ್ರವರ್ತಿ ತೀರಿಕೊಂಡ. ಸುದ್ದಿ ಇನ್ನೂ ಊರಿಗೆ ಹರಡಿರಲಿಲ್ಲ. ಇನ್ನು ಹೈ ರುಯಿಗೆ ಒಳ್ಳೆಯ ದಿನಗಳು ಬಂದವೆಂದು ಸೆರೆಮನೆಯ ಅಧಿಕಾರಿ ಅವನಿಗೆ ಭರ್ಜರಿ ಊಟ ತಂದಿಟ್ಟ. ಇದು ಗಲ್ಲಿಗೆ ಮುಂಚಿನ ಕೊನೆಯ ಊಟವೆಂದು ತಿಳಿದ ಹೈ ರುಯಿ ಹೊಟ್ಟೆ ತುಂಬ ಉಂಡ. ಆಗ ಅಧಿಕಾರಿ ಕಿವಿಯಲ್ಲಿ ಸುದ್ದಿ ಉಸುರಿದ. ನಿಜವೇ ಎಂದು ಕೇಳಿದ ಹೈ ರುಯಿ ಅಳತೊಡಗಿದ. ಉಂಡದ್ದೆಲ್ಲ ವಾಂತಿಯಾಯಿತು. ನೆಲಕ್ಕೆ ಬಿದ್ದು ರಾತ್ರಿಯೆಲ್ಲ ಅತ್ತ.

ಪ್ರಿಯ ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಆ ಕಣ್ಣೀರು ಯಾಕೆ? ತನ್ನನ್ನು ಕೊಲ್ಲಬಹುದಾಗಿದ್ದ ಮನುಷ್ಯ ಸತ್ತಿದ್ದಾನೆ, ಸೆರೆಯ ಬಾಗಿಲು ತೆರೆಯಲಿದೆ. ನಟಿಸುವುದಾದರೆ ನೋಡಲು ಒಬ್ಬ ಸೆರೆಮನೆಯ ನೌಕರನ ಹೊರತು ಯಾರೂ ಇಲ್ಲ. ಹೈ ರುಯಿಯನ್ನು ಬೆಳೆಸಿದ ಕನ್ಫ್ಯೂಷಿಯಸ್ ಪರಂಪರೆಯಲ್ಲಿ ದೊರೆಯೂ ಒಬ್ಬ ತಂದೆ. ತಂದೆ ತಪ್ಪು ಹಾದಿ ಹಿಡಿದಾಗ ಮಗ ಎದುರು ಮಾತಾಡಿ ತಡೆಯಬೇಕು, ಸುಮ್ಮನಿರುವುದು ಪಿತೃಭಕ್ತಿಯಲ್ಲ ಎಂದು ಆ ಪರಂಪರೆಯ ಗ್ರಂಥಗಳು ಕಲಿಸುತ್ತವೆ. ಆ ಪತ್ರದ ಬಿರುಸಿನ ಹಿಂದೆ ಏನಿತ್ತೆಂಬುದು ಆ ರಾತ್ರಿಯ ಕಣ್ಣೀರಿನಲ್ಲಿ ಗೊತ್ತಾಗುತ್ತದೆ. ಆತ ಚಕ್ರವರ್ತಿಯನ್ನು ಸೋಲಿಸಲು ಬರೆದಿರಲಿಲ್ಲ. ಅವನು ತಿದ್ದಿಕೊಳ್ಳಲಿ ಎಂದು ಬರೆದಿದ್ದ. ತಿದ್ದಿಕೊಳ್ಳದೆಯೇ ಅವನು ಸತ್ತುಹೋದ. ಇನ್ನು ಆ ಅವಕಾಶವಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಹೈ ರುಯಿ ಒಬ್ಬ ಆದರ್ಶ ಪುರುಷ. ಆದರೆ ಪ್ರಾಮಾಣಿಕನ ಕಥೆಯನ್ನು ಪ್ರಾಮಾಣಿಕವಾಗಿಯೇ ಹೇಳಬೇಕಲ್ಲವೇ?

ಬಿಡುಗಡೆಯಾಗಿ ಪದೋನ್ನತಿ ಪಡೆದ ಆತ 1569ರಲ್ಲಿ ಸುಝೌ ಸುತ್ತಲಿನ ಹತ್ತು ಜಿಲ್ಲೆಗಳ ಆಡಳಿತದ ಮುಖ್ಯಸ್ಥನಾದ. ದೇಶದ ಅತ್ಯಂತ ಶ್ರೀಮಂತ ಸೀಮೆ ಅದು. ಅವನು ಬರುವನೆಂದು ತಿಳಿದೊಡನೆ ಲಂಚಕೋರರು ರಾಜೀನಾಮೆ ಕೊಟ್ಟು ಹೋದರು. ಕೆಂಪು ಬಾಗಿಲುಗಳ ಶ್ರೀಮಂತರು ಬಾಗಿಲಿಗೆ ಕಪ್ಪು ಬಣ್ಣ ಬಳಿಸಿದರು. ಆತ ಹೂಳು ತುಂಬಿದ ನದಿಗಳನ್ನು ತೋಡಿಸಿದ. ಬಲಿಷ್ಠರು ನುಂಗಿದ್ದ ಬಡವರ ಜಮೀನನ್ನು ವಾಪಸು ಕೊಡಿಸಹೊರಟ. ಹಾಗೆ ಜಮೀನು ಕೂಡಿಹಾಕಿದ್ದವರಲ್ಲಿ ನಿವೃತ್ತ ಪ್ರಧಾನ ಮಂತ್ರಿ ಶೂ ಜಿಯೆಯ ಮನೆತನ ದೊಡ್ಡದು. 1566ರಲ್ಲಿ ಹೈ ರುಯಿಯ ಜೀವ ಉಳಿಯಲು ನೆರವಾದವನು ಇದೇ ಶೂ ಜಿಯೆ. ಉಪಕಾರ ಸ್ಮರಣೆ ದೊಡ್ಡದೋ, ನ್ಯಾಯ ದೊಡ್ಡದೋ? ಹೈ ರುಯಿ ಕಣ್ಣು ಮಿಟುಕಿಸಲಿಲ್ಲ. ನಾವು ಇದನ್ನು ಮೆಚ್ಚಲೇಬೇಕು.

ಆದರೆ ನ್ಯಾಯದ ಬಾಗಿಲು ತೆರೆದೊಡನೆ ಸುಳ್ಳು ದೂರುಗಳೂ ನುಗ್ಗಿಬಂದವು. ಪುಂಡರು ಸಂದರ್ಭ ಬಳಸಿಕೊಂಡರು, ನಿರಪರಾಧಿ ಮನೆತನಗಳೂ ನೊಂದವು ಎಂದು ಮಿಂಗ್ ವಂಶದ ಅಧಿಕೃತ ಚರಿತ್ರೆಯೇ ದಾಖಲಿಸಿದೆ. ವ್ಯಾಜ್ಯದಲ್ಲಿ ಸತ್ಯ ಗೊತ್ತಾಗದಿದ್ದರೆ ಏನು ಮಾಡಬೇಕೆಂಬುದಕ್ಕೆ ಹೈ ರುಯಿ ಮೊದಲೇ ನಿಯಮ ಬರೆದಿಟ್ಟಿದ್ದ. ಅಣ್ಣ ತಮ್ಮಂದಿರಲ್ಲಿ ಅಣ್ಣನ ಪರ, ಆಸ್ತಿಯ ವಿಷಯದಲ್ಲಿ ಶ್ರೀಮಂತನಿಗಿಂತ ಬಡವನ ಪರ, ಮಾನ ಮರ್ಯಾದೆಯ ವಿಷಯದಲ್ಲಿ ಸಾಮಾನ್ಯನಿಗಿಂತ ಪ್ರತಿಷ್ಠಿತನ ಪರ ತೀರ್ಪು ಕೊಡಬೇಕು ಎಂದು. ಉದ್ದೇಶವೇನೋ ಒಳ್ಳೆಯದೇ. ಆದರೆ ಎದುರಿಗೆ ನಿಂತ ಮನುಷ್ಯನ ಮುಖ ನೋಡುವ ಮೊದಲೇ ತೀರ್ಪು ಅರ್ಧ ಸಿದ್ಧವಾಗಿದ್ದರೆ ಅದು ಪೂರ್ಣ ನ್ಯಾಯವಾದೀತೇ? ಅರಿಸ್ಟಾಟಲ್ ಒಂದು ಸುಂದರ ಹೋಲಿಕೆ ಕೊಡುತ್ತಾನೆ. ಲೆಸ್ಬೋಸ್ ದ್ವೀಪದ ಕಟ್ಟಡದ ಕೆಲಸದವರು ಸೀಸದ ಅಳತೆಪಟ್ಟಿ ಬಳಸುತ್ತಿದ್ದರಂತೆ. ಅದು ಕಲ್ಲಿನ ಆಕಾರಕ್ಕೆ ತಕ್ಕಂತೆ ಬಾಗುತ್ತಿತ್ತು. ಕಾನೂನು ಎಲ್ಲರಿಗೂ ಒಂದೇ, ಆದರೆ ಬದುಕುಗಳು ಬೇರೆಬೇರೆ. ಆದ್ದರಿಂದ ನ್ಯಾಯವಂತನಿಗೆ ಅಂಥ ಪಟ್ಟಿಯೂ ಬೇಕು ಎಂಬುದು ಅವನ ವಾದ. ಹೈ ರುಯಿಯ ಪಟ್ಟಿ ಕಬ್ಬಿಣದ್ದು. ಆತ ತನಗೆ ತಾನೇ ಇಟ್ಟುಕೊಂಡಿದ್ದ ಹೆಸರಿನ ಅರ್ಥವೂ 'ಗಟ್ಟಿ ಶಿಖರ' ಎಂದು.

ಆರು ತಿಂಗಳ ಚಿಲ್ಲರೆಯಲ್ಲೇ ವಿರೋಧಿಗಳು ಅವನನ್ನು ಆ ಸ್ಥಾನದಿಂದ ಕದಲಿಸಿದರು. ಆತ ಅನಾರೋಗ್ಯದ ನೆಪ ಹೇಳಿ ಊರಿಗೆ ಮರಳಿ, ಹದಿನೈದು ವರ್ಷ ಅಲ್ಲೇ ಕಳೆದ. ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಮೂರು ಮದುವೆಯಾದ ಆತ, ಮೊದಲ ಇಬ್ಬರು ಪತ್ನಿಯರನ್ನು ತಾಯಿಯೊಂದಿಗೆ ಹೊಂದಾಣಿಕೆಯಾಗಲಿಲ್ಲವೆಂದು ಮನೆಬಿಡಿಸಿದನೆಂದು ಇತಿಹಾಸಕಾರರು ಬರೆಯುತ್ತಾರೆ. ಗಂಡು ಮಕ್ಕಳು ಉಳಿಯಲಿಲ್ಲ. ಅವನ ನಿಷ್ಠುರತೆಯ ಬೆಲೆಯನ್ನು ಅವನೊಬ್ಬನೇ ತೆರಲಿಲ್ಲ. ಶವಪೆಟ್ಟಿಗೆಯನ್ನು ಆತ ತನಗಾಗಿ ಕೊಂಡ ದಿನ ಅದರ ಮುಂದೆ ಕುಳಿತ ಹೆಂಡತಿ ಮಕ್ಕಳನ್ನು ಯಾರು ಕೇಳಿದರು? ಸತ್ಯಕ್ಕಾಗಿ ತ್ಯಾಗ ಮಾಡುವಾಗ ನಾವು ಬಲಿಕೊಡುತ್ತಿರುವುದು ನಮ್ಮನ್ನೋ, ನಮ್ಮವರನ್ನೋ? ಹೈ ರುಯಿಯ ಜೀವನ ಇದಕ್ಕೆ ಸುಲಭದ ಉತ್ತರ ಕೊಡುವುದಿಲ್ಲ.

1585ರಲ್ಲಿ, ಎಪ್ಪತ್ತು ದಾಟಿದ ಮೇಲೆ, ನಾನ್‌ಜಿಂಗ್ ನಗರದ ಹುದ್ದೆಗೆ ಅವನನ್ನು ಮತ್ತೆ ಕರೆದರು. ಆಗ ಆತ ಕೊಟ್ಟ ಒಂದು ಸಲಹೆ ಸ್ನೇಹಿತರನ್ನೂ ನಡುಗಿಸಿತು. ವಂಶದ ಮೊದಲ ಚಕ್ರವರ್ತಿ ಲಂಚಕೋರರ ಚರ್ಮ ಸುಲಿಸಿ ಹುಲ್ಲು ತುಂಬಿಸುತ್ತಿದ್ದ ಶಿಕ್ಷೆಯನ್ನು ನೆನಪಿಸಿ, ಅಂಥ ಕಠಿಣ ದಂಡನೆಯೇ ಈಗಲೂ ಬೇಕೆಂದ. ಚಿಕ್ಕ ಚಕ್ರವರ್ತಿಗೂ ಅದು ಅತಿಯೆನಿಸಿತು. ಜಿಯಾಜಿಂಗ್‌ಗಾಗಿ ರಾತ್ರಿಯಿಡೀ ಅತ್ತ ಮನುಷ್ಯನೇ ಇವನು? ದೊಡ್ಡ ತಪ್ಪಿತಸ್ಥನಿಗಾಗಿ ಇದ್ದ ಕಣ್ಣೀರು ಸಣ್ಣ ತಪ್ಪಿತಸ್ಥರ ಪಾಲಿಗೆ ಯಾಕೆ ಬತ್ತಿಹೋಯಿತು? ಸತ್ಯವಂತನಿಗೆ ಕಾದಿರುವ ಅಪಾಯವೇ ಇದು. ಲಂಚದ ಹಣ ಅವನನ್ನು ಕೆಡಿಸಲಾರದು, ತನ್ನ ಶುದ್ಧತೆಯೇ ಕೆಡಿಸಬಹುದು.

1587ರಲ್ಲಿ ಆತ ಹುದ್ದೆಯಲ್ಲಿದ್ದಾಗಲೇ ತೀರಿಕೊಂಡ. ಮನೆಯೊಳಗೆ ಹೋದ ಸಹೋದ್ಯೋಗಿಗೆ ಕಂಡದ್ದು ಒರಟು ನಾರಿನ ಪರದೆ ಮತ್ತು ಮುರಿದ ಬಿದಿರು ಪೆಟ್ಟಿಗೆ. ಅವನು ಅಳುತ್ತಾ ಚಂದಾ ಎತ್ತಿ ಅಂತ್ಯಕ್ರಿಯೆ ಮಾಡಿಸಿದ. ಅಂಗಡಿಗಳು ಮುಚ್ಚಿದವು. ಶವ ಹೊತ್ತ ದೋಣಿ ಸಾಗುವಾಗ ನದಿಯ ಎರಡೂ ದಂಡೆಯಲ್ಲಿ ಜನ ಬಿಳಿಬಟ್ಟೆ ತೊಟ್ಟು ನಿಂತು ಗೋಳಾಡಿದರು. ಬಡವರು ಅವನ ಸಲಹೆಗಳನ್ನು ಲೆಕ್ಕ ಹಾಕಲಿಲ್ಲ. ತಮ್ಮ ಪರವಾಗಿ ಒಬ್ಬನಾದರೂ ನಿಂತಿದ್ದ ಎಂಬುದಷ್ಟೇ ಅವರಿಗೆ ಗೊತ್ತಿತ್ತು.

ಕಥೆಗೆ ಇನ್ನೊಂದು ಕೊಂಡಿಯಿದೆ. 1959ರಲ್ಲಿ ಮಾವೋ ತ್ಸೆ ತುಂಗ್ ಹೈ ರುಯಿಯ ಧೈರ್ಯವನ್ನು ಕಲಿಯಿರೆಂದು ತನ್ನವರಿಗೆ ಕರೆಕೊಟ್ಟ. ಅದೇ ವರ್ಷ ಆರ್ಥಿಕ ನೀತಿಯ ತಪ್ಪು ತೋರಿಸಿದ ಸೇನಾನಿ ಪೆಂಗ್ ದೆಹುವಾಯ್ ಪದಚ್ಯುತನಾದ. ಹೈ ರುಯಿಯ ಬಗ್ಗೆ ನಾಟಕ ಬರೆದ ಇತಿಹಾಸಕಾರ ವು ಹಾನ್ ಮೇಲೆ 1965ರಲ್ಲಿ ದಾಳಿ ಶುರುವಾಗಿ, ಆತ 1969ರಲ್ಲಿ ಸೆರೆಯಲ್ಲೇ ಸತ್ತ. ಹೈನಾನ್‌ನಲ್ಲಿದ್ದ ಹೈ ರುಯಿಯ ಸಮಾಧಿಯನ್ನೂ 1966ರಲ್ಲಿ ಹಾಳುಗೆಡವಿದರು, ಮುಂದೆ ಅದನ್ನು ಮತ್ತೆ ಕಟ್ಟಲಾಯಿತು. ಸತ್ತು ನಾಲ್ಕು ಶತಮಾನವಾದ ಸತ್ಯವಂತನಿಗೆ ಹಾರ ಹಾಕುವುದು ಸುಲಭ, ನಮ್ಮ ಎದುರು ಕುಳಿತವನ ಬಾಯಿಂದ ಅದೇ ಮಾತು ಬಂದಾಗ ಕೇಳುವುದು ಕಷ್ಟ.

ಮೇಲಿನವರ ತಪ್ಪನ್ನು ತೋರಿಸುವುದು ದ್ರೋಹವಲ್ಲ ಎಂಬುದಕ್ಕೆ ಹೈ ರುಯಿ ಸಾಕ್ಷಿ. ಯಾವ ಮನಸ್ಸಿನಿಂದ ತೋರಿಸಬೇಕೆಂಬುದಕ್ಕೂ ಅವನ ಬದುಕೇ ಎರಡು ಬಗೆಯ ಪಾಠ ಕೊಡುತ್ತದೆ. ನಾಳೆ ಗಂಡನಿಗೋ, ಅತ್ತೆಗೋ, ಮಗನಿಗೋ, ಮೇಲಧಿಕಾರಿಗೋ ಕಹಿಯಾದ ಮಾತೊಂದನ್ನು ಹೇಳಬೇಕಾಗಿ ಬಂದರೆ, ಬಾಯಿ ತೆರೆಯುವ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬಹುದು. ಈ ಮನುಷ್ಯ ತಿದ್ದಿಕೊಂಡರೆ ನನಗೆ ಸಂತೋಷವಾಗುತ್ತದೆಯೇ? ತಿದ್ದಿಕೊಳ್ಳದೆ ಸತ್ತರೆ ನಾನು ಅಳುತ್ತೇನೆಯೇ? ಹೌದೆಂದಾದರೆ ಹೇಳೋಣ, ಎದ್ದು ಬಂದು ಎದೆಗೆ ಒದ್ದರೂ ಹೇಳೋಣ. ಇಲ್ಲವೆಂದಾದರೆ, ಆ ಮಾತು ನಿಜವೇ ಆಗಿದ್ದರೂ, ಇನ್ನೂ ಒಂದು ರಾತ್ರಿ ತಡೆದು ನೋಡೋಣ.