ನಿನ್ನೆ ಏನೂ ಆಗಲಿಲ್ಲ ಎಂಬ ಸಾಕ್ಷಿ

ತಪ್ಪು ಮಾಡಿಯೂ ಪಾರಾದವನು ಅದನ್ನು ತಪ್ಪೆಂದು ನೆನಪಿಡುವುದು ಕಷ್ಟ. ಎರಡನೆಯ ಸಲ ಅದು ಅಭ್ಯಾಸ, ಮೂರನೆಯ ಸಲ ಅದೇ ನಿಯಮ. ಈ ದೌರ್ಬಲ್ಯ ಅಕ್ಷರ ಬಾರದವರದು ಮಾತ್ರ ಎಂದು ತಿಳಿಯಬಾರದು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದಲ್ಲಿ ಅದು ಏಳು ಜೀವಗಳನ್ನು ಬಲಿ ತೆಗೆದುಕೊಂಡಿತು.

1986ರ ಜನವರಿ 28ರಂದು ಚಾಲೆಂಜರ್ ನೌಕೆ ನೆಲ ಬಿಟ್ಟ 73ನೇ ಸೆಕೆಂಡಿಗೆ ಆಕಾಶದಲ್ಲೇ ಛಿದ್ರವಾಯಿತು. ಅದರ ರಾಕೆಟ್ಟಿನ ಭಾಗಗಳು ಸೇರುವಲ್ಲಿ ಬಿಸಿ ಅನಿಲ ಸೋರದಂತೆ ರಬ್ಬರಿನ ಬಳೆಗಳಿದ್ದವು. ಹಿಂದಿನ ಹಾರಾಟಗಳಲ್ಲೂ ಅವು ಸುಟ್ಟು ಸವೆದದ್ದುಂಟು. ಆದರೆ ಪ್ರತಿ ಸಲವೂ ನೌಕೆ ಕ್ಷೇಮವಾಗಿ ಮರಳಿತ್ತು. ಎಚ್ಚರಿಕೆಯಾಗಬೇಕಿದ್ದ ಸವೆತವೇ ಧೈರ್ಯಕ್ಕೆ ಆಧಾರವಾಯಿತು.

ಉಡಾವಣೆಯ ಹಿಂದಿನ ರಾತ್ರಿ, ರಾಕೆಟ್ ತಯಾರಿಸಿದ ಮಾರ್ಟನ್ ಥಯೋಕಾಲ್ ಕಂಪೆನಿಯ ಇಂಜಿನಿಯರುಗಳು ಚಳಿಗೆ ರಬ್ಬರ್ ಗಡುಸಾಗುತ್ತದೆ, ಹಾರಿಸುವುದು ಬೇಡ ಎಂದರು. ನಾಸಾದ ಅಧಿಕಾರಿಗಳಿಗೆ ಅದು ಹಿಡಿಸಲಿಲ್ಲ. ಕಂಪೆನಿಯವರು ತಮ್ಮತಮ್ಮಲ್ಲೇ ಮತ್ತೆ ಚರ್ಚಿಸಿದರು. ಕೊನೆಗೆ ಹಾರಿಸಬಹುದೆಂದು ನಿರ್ಧರಿಸಿದವರು ನಾಲ್ವರು ಆಡಳಿತಾಧಿಕಾರಿಗಳು. ಇಂಜಿನಿಯರುಗಳ ಮತ ಕೇಳಲಿಲ್ಲ. ಸುರಕ್ಷಿತವೆಂದು ತೋರಿಸುವ ಹೊಣೆ ಹೋಗಿ, ಅಪಾಯವೆಂದು ಸಾಬೀತುಪಡಿಸುವ ಹೊಣೆ ಬೇಡವೆಂದವರ ತಲೆಗೆ ಬಿದ್ದಿತ್ತು.

ಆ ಚರ್ಚೆಯಲ್ಲಿ ಬಳೆಗೆ ಹಾನಿಯಾದ ಹಾರಾಟಗಳನ್ನಷ್ಟೇ ಹೋಲಿಸಿ ನೋಡಿದ್ದರು. ಹಾನಿಯಾಗದವನ್ನೂ ಸೇರಿಸಿ ಎಣಿಸಿದ್ದು ಆಮೇಲೆ ಬಂದ ತನಿಖಾ ಆಯೋಗ. ಸುಮಾರು 19 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಬೆಚ್ಚಗಿದ್ದಾಗ ನಡೆದ 20 ಹಾರಾಟಗಳಲ್ಲಿ ಹಾನಿ ಕಂಡದ್ದು 3ರಲ್ಲಿ. ಅದಕ್ಕಿಂತ ತಣ್ಣಗಿದ್ದ 4ರಲ್ಲಿ ನಾಲ್ಕಕ್ಕೂ. ಉಡಾವಣೆಯ ಹೊತ್ತಿಗೆ ಇದ್ದದ್ದು ಸುಮಾರು 2 ಡಿಗ್ರಿ.

ಇವರಲ್ಲಿ ಯಾರೂ ಯಾರ ಸಾವನ್ನೂ ಬಯಸಿದವರಲ್ಲ. ಮನಸ್ಸು ತನಗೆ ಬೇಕಾದ್ದನ್ನೇ ಕಾಣುವುದು ಸಹಜ ಎಂದು ಬಿಟ್ಟುಬಿಡಬಹುದೇ? ಸಹಜವಾದುದೆಲ್ಲ ಕ್ಷಮ್ಯವಲ್ಲ. ಮನಸ್ಸು ವಂಚಿಸುತ್ತದೆಂದು ಬಲ್ಲವನ ಹೊಣೆ ಇನ್ನೂ ಹೆಚ್ಚು. ಇಸ್ಲಾಮ್ ಶೂರಾಕ್ಕೆ, ಅಂದರೆ ಸಮಾಲೋಚನೆಗೆ, ಅಷ್ಟು ಮಹತ್ವ ಕೊಟ್ಟಿರುವುದರ ಒಂದು ಅರ್ಥ ಇದೇ ಇರಬೇಕು: ಒಬ್ಬನ ಕಣ್ಣಿಗೆ ಬೀಳದ್ದು ಇನ್ನೊಬ್ಬನಿಗೆ ಕಾಣಲಿ. ಉತ್ತರವನ್ನು ಮೊದಲೇ ನಿರ್ಧರಿಸಿಕೊಂಡು ಕೇಳುವ ಸಲಹೆ ಸಮಾಲೋಚನೆಯಲ್ಲ.

ಅಧಿಕಾರ ಒಂದು ಅಮಾನತ್ತು. ಅದರಲ್ಲಿ ಅನ್ಯರ ಪ್ರಾಣವೂ ಸೇರಿದೆ. ಕಾರ್ಖಾನೆಯಾಗಲಿ, ಬಸ್ ಡಿಪೊ ಆಗಲಿ, ಮಸೀದಿಯ ಕಟ್ಟಡ ಸಮಿತಿಯಾಗಲಿ, ಬೇಡ ಎನ್ನುವವನನ್ನು ಅಪಶಕುನದವನಂತೆ ಕಾಣುವ ಮೊದಲು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಇಷ್ಟು ದಿನ ನಮ್ಮನ್ನು ಕಾಪಾಡಿದ್ದು ನಮ್ಮ ಜಾಗರೂಕತೆಯೋ, ಬರೀ ಅಲ್ಲಾಹನ ಕರುಣೆಯೋ?