ರೊಟ್ಟಿ ಯಾರ ಕೈಯದು?

ಊಟ ರುಚಿಯಾಗಿದ್ದರೆ ‘ಅಡುಗೆ ಯಾರದು?’ ಎಂದು ಕೇಳುವುದು ನಮ್ಮ ಕಡೆಯ ವಾಡಿಕೆ. ಕೇಳುವವರಿಗೆ ಅದು ಸೌಜನ್ಯದ ಮಾತು, ಉತ್ತರ ಕೊಡುವವಳಿಗೆ ಒಮ್ಮೊಮ್ಮೆ ಪರೀಕ್ಷೆ. ಇಷ್ಟು ವರ್ಷ ಊರ ಮಕ್ಕಳಿಗೆಲ್ಲ ಪರೀಕ್ಷೆ ಮಾಡುತ್ತ ಬಂದ ನಾನು ಆ ಒಂದು ಪ್ರಶ್ನೆಗೆ ಫೇಲಾದೆ. ಅದನ್ನು ಇಲ್ಲಿಯವರೆಗೆ ಯಾರಿಗೂ ಬರೆದು ಹೇಳಿರಲಿಲ್ಲ.

2008ರ ಮಾತು. ನನ್ನ ಯಜಮಾನರ ಕಾಲೇಜು ಗೆಳೆಯರೊಬ್ಬರು ಸಂಸಾರ ಸಮೇತ ಮೈಸೂರಿನಿಂದ ಮಸ್ಕಿಗೆ ಬಂದಿದ್ದರು. ನಮ್ಮೂರಿಗೆ ದೂರದವರು ಬರುವುದು ಅಶೋಕನ ಶಾಸನ ನೋಡುವುದಕ್ಕೆ. ಗುಡ್ಡ ಹತ್ತಿ ಇಳಿದವರಿಗೆ ಮಧ್ಯಾಹ್ನ ನಮ್ಮಲ್ಲಿ ಊಟ. ‘ಅಕ್ಕಿ ಅನ್ನ ನಮ್ಮಲ್ಲೇ ಇದೆಯಲ್ಲ, ಜೋಳದ ರೊಟ್ಟಿ ಹಾಕಿಸಿ’ ಎಂದು ಮೊದಲೇ ಹೇಳಿ ಕಳಿಸಿದ್ದರು. ಅಂದು ಶನಿವಾರ, ನನಗೆ ಮುಂಜಾನೆ ಶಾಲೆ. ಐದಕ್ಕೇ ಎದ್ದು ಎಣ್ಣೆಗಾಯಿ ಬದನೆಕಾಯಿ ಮಾಡಿಟ್ಟೆ, ಪುಂಡಿಪಲ್ಲೆ ಕುದಿಸಿದೆ. ಗುರೆಳ್ಳು ಚಟ್ನಿ, ಶೇಂಗಾ ಹಿಂಡಿ ಮೊದಲೇ ಕುಟ್ಟಿದ್ದವು. ರೊಟ್ಟಿಗೆ ಮಾತ್ರ ಹಿಂದಿನ ಓಣಿಯ ಅಕ್ಕನಿಗೆ ಹೇಳಿದ್ದೆ. ನಲವತ್ತು ಮೆತ್ತನ್ನ ರೊಟ್ಟಿ, ಒಂದಕ್ಕೆ ಎರಡು ರೂಪಾಯಿ. ಎಂಬತ್ತಾಗುತ್ತಿತ್ತು. ನಾನು ಎಪ್ಪತ್ತಕ್ಕೆ ಮುರಿದಿದ್ದೆ.

ರೊಟ್ಟಿ ಬಡಿಯುವುದನ್ನು ಕಂಡವರಿಗೆ ಅದೇನೆಂದು ಹೇಳಬೇಕಿಲ್ಲ. ಕಾಣದವರಿಗೆ ಎರಡು ಮಾತು. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ, ಚಪಾತಿಯ ಹಾಗೆ ಲಟ್ಟಿಸಿದರೆ ಅಂಚು ಬಿರಿಯುತ್ತದೆ. ಕುದಿಯುವ ಎಸರು ಹಾಕಿ ಹಿಟ್ಟಿಗೆ ಜಿಗಿ ತರಿಸಬೇಕು. ಹಿಟ್ಟು ಬೀಸಿ ಬಹಳ ದಿನವಾಗಿದ್ದರೆ ಆ ಜಿಗಿಯೂ ಬರುವುದಿಲ್ಲ. ಆಗಿಂದಾಗ ನಾದಬೇಕು, ಆಗಿಂದಾಗ ಬಡಿಯಬೇಕು, ಮುಂಜಾನೆ ನಾದಿಟ್ಟು ಸಂಜೆಗೆ ಎಂದರೆ ಆಗದು. ಅಂಗೈ ಏಟಿಗೆ ರೊಟ್ಟಿ ತಾನೇ ತಿರುಗುತ್ತ ಅಗಲವಾಗಬೇಕು. ಹಂಚಿಗೆ ಹಾಕಿ ಮೇಲೆ ಹಸಿ ಬಟ್ಟೆಯಿಂದ ನೀರು ಸವರಬೇಕು, ಆ ನೀರು ಆರುವ ಹೊತ್ತು ನೋಡಿ ಮಗುಚಬೇಕು. ಒಂದು ಗಳಿಗೆ ಹಿಂದೆ ಮುಂದೆ ಆದರೂ ಅದು ಉಬ್ಬುವುದಿಲ್ಲ. ಒಂದು ರೊಟ್ಟಿಗೆ ಇಷ್ಟು. ನಲವತ್ತಕ್ಕೆ ಎಷ್ಟು ಎಂದು ನೀವೇ ಲೆಕ್ಕ ಹಾಕಿ. ನನಗೂ ಬರುತ್ತದೆ. ಆದರೆ ನನ್ನ ರೊಟ್ಟಿ ದಪ್ಪ, ಅದು ನಮ್ಮ ಮನೆಯವರೆಲ್ಲ ಒಪ್ಪಿಕೊಂಡ ಸತ್ಯ.

ಅಂದು ನೆಂಟರು ಉಣ್ಣಲು ಕುಳಿತಾಗ ಬಂದ ರೊಟ್ಟಿ ಹಾಳೆಯಂತಿತ್ತು. ಮೈಸೂರಿನ ಆ ಮಹಿಳೆ ಒಂದನ್ನು ಬೆಳಕಿಗೆ ಹಿಡಿದು ನೋಡಿ, ‘ಅಯ್ಯೋ, ಇಷ್ಟು ತೆಳ್ಳಗೆ ಹೇಗೆ ತಟ್ಟುತ್ತೀರಿ? ನಿಮ್ಮ ಕೈಗುಣ ದೊಡ್ಡದು’ ಎಂದರು. ನಾನು, ‘ಅದೇನ್ ಬಿಡ್ರಿ, ನಮ್ಮ ಕಡೆ ಎಲ್ಲರಿಗೂ ರೂಢಿ’ ಎಂದೆ. ನೋಡಿ, ಆ ಮಾತಿನಲ್ಲಿ ಸುಳ್ಳಿನ ಒಂದಕ್ಷರವೂ ಇಲ್ಲ. ಮೇಷ್ಟರಿಕೆ ಮಾಡಿದವರ ನಾಲಿಗೆಗೆ ಇಂಥ ವಾಕ್ಯ ಕಟ್ಟುವುದು ಕಷ್ಟವಲ್ಲ. ನಾನೇ ಮಾಡಿದ ಎಣ್ಣೆಗಾಯಿಯ ಬಗ್ಗೆ ಅಂದು ಯಾರೂ ತುಟಿ ಬಿಚ್ಚಲಿಲ್ಲ ಎಂಬುದೂ ನಿಜ. ಆ ಬೇಸರವೂ ಸ್ವಲ್ಪ ಸೇರಿಕೊಂಡಿತ್ತೋ ಏನೋ.

ಮಾತು ಮುಗಿಸಿ ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಆ ಅಕ್ಕನ ಮಗಳು ನಿಂತಿದ್ದಳು. ಎರಡನೆಯ ಸಲದ ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ತಂದಿದ್ದಳು. ನಮ್ಮ ಶಾಲೆಯ ಒಂಬತ್ತನೆಯ ತರಗತಿ, ಕನ್ನಡಕ್ಕೆ ನಾನೇ ಟೀಚರು. ರೊಟ್ಟಿ ನನ್ನ ಕೈಗಿಟ್ಟು ಹಿತ್ತಲ ಬಾಗಿಲಿನಿಂದ ಹೋದಳು.

ಸೋಮವಾರ ತರಗತಿಯಲ್ಲಿ ಪ್ರಬಂಧದ ನೋಟುಪುಸ್ತಕ ತಿದ್ದುತ್ತಿದ್ದೆ. ಇಬ್ಬರು ಹುಡುಗರು ಬರೆದದ್ದು ಅಕ್ಷರಕ್ಕಕ್ಷರ ಒಂದೇ. ನಿಲ್ಲಿಸಿ ಕೇಳಿದೆ, ‘ಇನ್ನೊಬ್ಬರು ಬರೆದದ್ದಕ್ಕೆ ನಿನ್ನ ಹೆಸರು ಹಾಕಿಕೊಳ್ಳುವುದಕ್ಕೆ...’ ಅಲ್ಲಿಗೇ ಮಾತು ನಿಂತಿತು. ಎರಡನೆಯ ಸಾಲಿನಲ್ಲಿ ಆ ಹುಡುಗಿ ತಲೆ ಬಗ್ಗಿಸಿ ತನ್ನ ಪುಸ್ತಕ ನೋಡುತ್ತಿದ್ದಳು. ಅವಳು ತಲೆಯೆತ್ತಿ ನನ್ನನ್ನು ನೋಡಿದ್ದರೆ ನನಗೆ ಹಗುರಾಗುತ್ತಿತ್ತು. ಹುಡುಗರಿಗೆ ‘ಕೂತ್ಕೊಳ್ರಿ’ ಎಂದೆ. ನಮ್ಮ ಟೀಚರ್ ಇವತ್ತು ಬಯ್ಯಲಿಲ್ಲವಲ್ಲ ಎಂದು ಅವರಿಗೇ ಆಶ್ಚರ್ಯ.

ಅಂದು ಸಂಜೆ ಅವಳ ತಾಯಿಯ ಹತ್ತಿರ ಹೋದೆ. ಒಲೆಯ ಮುಂದೆ ಕೂತು ಮರುದಿನದ ಮದುವೆಗೆ ಖಡಕ್ ರೊಟ್ಟಿ ಬಡಿಯುತ್ತಿದ್ದಳು. ನಡೆದದ್ದನ್ನು ಹೇಳಿ, ‘ಹೆಸರು ನಿನಗೆ ಸಲ್ಲಬೇಕಿತ್ತು, ನಾನು ತಗೊಂಡೆ’ ಎಂದೆ. ಮನಸ್ಸಿನಲ್ಲಿ ದೊಡ್ಡ ಕೆಲಸ ಮಾಡುತ್ತಿದ್ದೇನೆ ಎಂದೇ ಇತ್ತು. ಅವಳು ಕೈ ನಿಲ್ಲಿಸದೆ ಅಂದಳು: ‘ಹೆಸರು ತಗೊಂಡು ನಾ ಏನ್ ಮಾಡ್ಲಿ ಟೀಚರ್? ಎಂಬತ್ತರಾಗ ಹತ್ತು ಮುರದ್ರಲ್ಲ, ಅದನ್ನ ನೆನಸ್ರಿ. ಕಟ್ಟಿಗಿ ಏನ್ ಪುಕ್ಕಟೆ ಬರ್ತಾವೇನ್ರಿ?’

ಒಂದು ಸಾಲ ತೀರಿಸಲು ಹೋದವಳಿಗೆ ಇನ್ನೊಂದು ಸಾಲದ ಚೀಟಿ ಸಿಕ್ಕಂತಾಯಿತು. ನನ್ನ ಹತ್ತು ರೂಪಾಯಿಯ ಚೌಕಾಸಿ ನನಗೆ ತಪ್ಪು ಎಂದು ಹೊಳೆದೇ ಇರಲಿಲ್ಲ. ಸೀರೆಯಂಗಡಿಯಲ್ಲಿ ಹೇಳಿದ ಬೆಲೆ ಕೊಟ್ಟು ಬರುವ ನಾವು ರೊಟ್ಟಿ, ಸೊಪ್ಪು, ಹೂವಿನ ಮುಂದೆ ಮಾತ್ರ ಎಷ್ಟು ಜಾಣೆಯರಾಗುತ್ತೇವೆ! ಹತ್ತು ರೂಪಾಯಿ ತೆಗೆದು ಕೊಟ್ಟೆ. ಸಂಕೋಚವಿಲ್ಲದೆ ತೆಗೆದುಕೊಂಡು ಹಂಚಿನ ಪಕ್ಕ ಇಟ್ಟಳು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, ‘ಹೇಳಾದಿದ್ರ ನನ್ನ ಮಗಳ ಮುಂದ ಹೇಳ್ರಿ. ಎರಡು ದಿನ ಆತು, ಅಕಿ ನಿಮ್ಮ ಹೆಸರು ಎತ್ತವಲ್ಲಳು. ಮೊದಲೆಲ್ಲ ಟೀಚರ್ ಹಂಗಂದ್ರು, ಟೀಚರ್ ಹಿಂಗಂದ್ರು ಅಂತ ಕಿವಿ ತಿಂತಿದ್ಲು’ ಎಂದಳು.

ಮರುದಿನ ಹುಡುಗಿಗೆ ಹೇಳಿದೆ. ವರಾಂಡದಲ್ಲಿ ನಿಲ್ಲಿಸಿ, ತಡವರಿಸುತ್ತ. ‘ಇರ್ಲಿ ಬಿಡ್ರಿ ಟೀಚರ್’ ಅಂದಳು. ಹದಿನಾಲ್ಕು ವರ್ಷದ ಮಗು ದೊಡ್ಡವರಿಗೆ ಹಾಗನ್ನುವಾಗ ಕ್ಷಮಿಸಿತೋ, ದೂರ ಸರಿಯಿತೋ ತಿಳಿಯುವುದಿಲ್ಲ.

ಆಮೇಲೆ ಈ ವಿಷಯವಾಗಿ ನನ್ನೊಳಗೇ ಬಹಳ ವಾದ ನಡೆಯಿತು. ಒಂದು ಮನಸ್ಸು ಹೇಳಿತು: ಇದೇನು ಮಹಾ? ನಮ್ಮ ಯಜಮಾನರು ‘ನಮ್ಮನೆ ಊಟ ಉಂಡು ನೋಡಿ’ ಎಂದು ನನ್ನ ಅಡುಗೆಗೆ ತಾವು ಮೀಸೆ ತಿರುವುತ್ತಾರೆ. ಅವರೇನು ಒಲೆ ಊದಿದ್ದಾರೆಯೇ? ಇನ್ನೊಂದು ಮನಸ್ಸು ಹೇಳಿತು: ಹಾಗಾದರೆ ಅದು ನಿನಗೆ ಇಷ್ಟು ವರ್ಷ ಚುಚ್ಚಿದ್ದೇಕೆ? ಚುಚ್ಚುತ್ತದೆಂದು ಬಲ್ಲವಳೇ ಅದನ್ನು ಇನ್ನೊಬ್ಬಳಿಗೆ ಮಾಡಿದ್ದೇಕೆ? ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಅತ್ತೆಯವರು ‘ಅನ್ನ ಮಾರಬಾರದು’ ಎನ್ನುತ್ತಿದ್ದರು. ಹಸಿದವನಿಗೆ ಬೆಲೆ ಹೇಳಬೇಡ ಎಂಬ ದೊಡ್ಡ ಅರ್ಥ ಅದಕ್ಕಿದೆ, ನಿಜ. ಆದರೆ ಅದೇ ಮಾತಿನ ಬೆನ್ನಿಗೆ, ಮಾರಿದ ಅನ್ನದಲ್ಲಿ ಪ್ರೀತಿಯಿಲ್ಲ, ಅದನ್ನು ಮಾಡಿದವಳಿಗೆ ಕೈಗುಣವೂ ಇಲ್ಲ ಎಂಬ ಸಣ್ಣ ಅರ್ಥವೂ ನಮ್ಮ ಮನೆಗಳಲ್ಲಿ ನುಸುಳಿದೆ. ಮಗಳ ಓದಿಗೆಂದು ಹೊಗೆಯಲ್ಲಿ ಕೂತು ಬಡಿದ ರೊಟ್ಟಿಯಲ್ಲಿ ಯಾವುದು ಕಡಿಮೆಯಾಗಿತ್ತು?

ಶಾಸನದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ನಮ್ಮೂರ ಗುಡ್ಡದಲ್ಲಿ ಅದನ್ನು ಕಂಡರು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳೇ ಇದ್ದವು. ಆ ದೊರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಕಲ್ಲು. ಸಣ್ಣವರೂ ಧರ್ಮದಿಂದ ನಡೆದರೆ ಮೇಲಿನದನ್ನು ಪಡೆಯಬಲ್ಲರು, ಅದು ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು ಎಂಬ ಭಾವದ ಮಾತೂ ಅದರಲ್ಲಿದೆ. ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ ‘ಹೆಸರು ಎಷ್ಟು ಮುಖ್ಯ ನೋಡಿ’ ಎಂದು ಪಾಠ ಹೇಳುತ್ತಿದ್ದೆ. ಆದರೆ ಕೆತ್ತಿದವನು ಯಾರು? ನಮ್ಮ ಕಲ್ಲಿನಲ್ಲಿ ಅವನ ಸುದ್ದಿಯಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಶಾಸನದಲ್ಲಿ ಕೊನೆಗೆ ಚಪಡ ಎಂಬ ಲಿಪಿಕಾರ ತನ್ನ ಹೆಸರು ಹಾಕಿಕೊಂಡಿದ್ದಾನೆ. ‘ಲಿಪಿಕಾರ’ ಎಂಬ ಪದವನ್ನು ಬೇರೆಯದೇ ಲಿಪಿಯಾದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಚಪಡನಿಗೆ ಕೂಲಿ ಸರಿಯಾಗಿ ಸಿಕ್ಕಿತ್ತೇ ಎಂದು ಈಗೀಗ ನನಗೆ ಅನ್ನಿಸುತ್ತದೆ. ಮೊದಲು ಅನ್ನಿಸಿರಲಿಲ್ಲ.

ಹೆಸರೂ ಕೂಲಿಯೂ ಎರಡೂ ಬೇಕೆಂದು ತೀರ್ಮಾನಿಸಿ ನಾನು ಕೆಲವು ದಿನ ಹೊಗಳಿಕೆಯ ವ್ರತ ಹಿಡಿದಿದ್ದೂ ಉಂಟು. ಸಿಂಧನೂರಿಗೆ ತರಬೇತಿಗೆ ಹೋದಾಗ ಒಂದು ಖಾನಾವಳಿಯಲ್ಲಿ ಉಂಡೆವು. ತುಂಗಭದ್ರಾ ಜಲಾಶಯವಾಗಿ ಎಡದಂಡೆ ಕಾಲುವೆ ಬಂದ ಮೇಲೆ ಅದು ಭತ್ತದ ಸೀಮೆ. ಆದರೂ ಖಾನಾವಳಿಯಲ್ಲಿ ಮೊದಲು ಬೀಳುವುದು ರೊಟ್ಟಿಯೇ. ಉಂಡೆದ್ದು ಗಲ್ಲೆಯ ಯಜಮಾನನನ್ನು ದಾಟಿ ನೇರ ಅಡುಗೆಮನೆಯ ಬಾಗಿಲಿಗೆ ಹೋಗಿ, ‘ರೊಟ್ಟಿ ಬಹಳ ಚಲೋ ಆಗ್ಯಾವವ್ವ’ ಎಂದೆ. ಬೆವರಿನಲ್ಲಿ ತೊಯ್ದ ಮೂವರು ಹೆಂಗಸರಲ್ಲಿ ಒಬ್ಬಳು ತಲೆಯೆತ್ತಿ, ‘ಬಾಗಲದಾಗ ನಿಂದ್ರಬ್ಯಾಡ್ರಿ ಅಕ್ಕಾರ, ಇರೋ ಗಾಳಿನೂ ಬರವಲ್ದು’ ಎಂದಳು. ಜೊತೆಯ ಟೀಚರುಗಳು ಬಸ್‌ಸ್ಟ್ಯಾಂಡಿನವರೆಗೂ ನಕ್ಕರು. ನಾನೂ ನಕ್ಕೆ.

ಕಳೆದ ವರ್ಷ ನಮ್ಮ ತಂಗಿಯ ಬೀಗರು ಬಂದಿದ್ದರು. ಅದೇ ಬದನೆಕಾಯಿ, ಅದೇ ಅಕ್ಕನ ರೊಟ್ಟಿ. ಈಗ ಅವಳಿಗೆ ಗ್ಯಾಸಿನ ಒಲೆ, ಸಹಾಯಕ್ಕೆ ಇಬ್ಬರು. ರೊಟ್ಟಿಗೆ ಹತ್ತು ರೂಪಾಯಿ, ನಾನು ಮುರಿಯುವುದಿಲ್ಲ. ಬೀಗಿತ್ತಿ, ‘ರೊಟ್ಟಿ ಯಾರು ಮಾಡಿದ್ದು? ಹಂಗ ಬಾಯಾಗ ಕರಗತಾವು’ ಎಂದರು. ನಾನು ಅಕ್ಕನ ಹೆಸರು, ಓಣಿ ಎಲ್ಲ ಹೇಳಿದೆ. ‘ಹೌದಾ? ಹೊರಗಿಂದ ತರಿಸಿದ್ದೇನು?’ ಎಂದರು. ದನಿ ಒಂದು ಮೆಟ್ಟಿಲು ಇಳಿದಿತ್ತು. ಮೂರನೆಯ ರೊಟ್ಟಿ ಬಡಿಸಲು ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿದರು. ರೊಟ್ಟಿ ಅದೇ ಇತ್ತು, ಬಾಯಿಯೂ ಅದೇ ಇತ್ತು. ನನ್ನ ಯಜಮಾನರು ಆ ಕಡೆಯಿಂದ, ‘ಸುಮ್ಮನಿರಬಾರದಿತ್ತಾ?’ ಎಂಬಂತೆ ನನ್ನ ಮುಖ ನೋಡಿದರು.

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಸದ್ದಾಯಿತು. ಎರಡನೆಯ ಸಲದ ರೊಟ್ಟಿ ಬಂದಿತ್ತು. ತಂದವಳು ಸಹಾಯಕ್ಕಿರುವ ಹೊಸ ಹುಡುಗಿ. ನಾನು ಅವಳನ್ನು ಒಳಗೆ ಕರೆದು, ಬಿಸಿ ರೊಟ್ಟಿಯೊಂದಕ್ಕೆ ಎಣ್ಣೆಗಾಯಿ ಹಾಕಿ ಅವಳ ಕೈಗೆ ಕೊಟ್ಟೆ. ಒಂದು ತುತ್ತು ತಿಂದು, ‘ಬದನಿಕಾಯಿ ಯಾರು ಮಾಡ್ಯಾರ್ರೀ?’ ಎಂದು ಕೇಳಿದಳು.